ಒಂದೂವರೆ

ಹಳೆಯದನ್ನು ಆಲೂರಿನ ಹುಡುಗನಿಗೆ ಕೊಟ್ಟೆ.
ಹದಿನೆಂಟು ಸಾವಿರ, ಬ್ಯಾಗು ಬಿಟ್ಟಿ.
ಹಿಡಿಯ ರಬ್ಬರು ಎರಡು ಸಲ ಗೋಂದು ಕಂಡಿದೆ ಅಂತ
ನಾನೇ ಹೇಳಿದೆ. ಇನ್ನೊಂದನ್ನು ಹೇಳಲಿಲ್ಲ:
ಆಕಾಶ ತೆಗೆದರೆ ಬಲಗಡೆ ಮೇಲ್ಮೂಲೆಯಲ್ಲಿ
ಎಳ್ಳುಕಾಳಿನಷ್ಟು ಒಂದು ಕಲೆ.
ಎಷ್ಟು ಊದಿದರೂ ಒರೆಸಿದರೂ ಹೋಗದ್ದು.
ಏಳು ವರ್ಷ, ಹಾಸನ ಜಿಲ್ಲೆಯ ಎಲ್ಲ ಆಕಾಶದಿಂದಲೂ
ಅದನ್ನು ನಾನು ಹೆಕ್ಕಿ ತೆಗೆದಿದ್ದೇನೆ,
ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ.

ಆಗೆಲ್ಲ ಒಂದೂವರೆಯ ಲೆಕ್ಕ.
ಐವತ್ತರ ಲೆನ್ಸು ಹಾಕಿದರೆ ಎಪ್ಪತ್ತೈದು ಅಂತ ತಿಳಿ,
ಎರಡು ಹೆಜ್ಜೆ ಸಾಕು ಅನ್ನಿಸಿದರೆ ಮೂರು ಹಿಂದೆ ಹೋಗು.
ಹಿಂದೆ ಹೋಗಿ ಹೋಗಿ
ಛತ್ರಗಳನ್ನೆಲ್ಲ ನಾನು ಕಲಿತದ್ದು ಬೆನ್ನಿನಿಂದ.
ಸಾಲಗಾಮೆ ರಸ್ತೆಯ ಹಾಲಿನಲ್ಲಿ ಸ್ವಿಚ್‌ಬೋರ್ಡು ಚುಚ್ಚುತ್ತದೆ,
ಚನ್ನರಾಯಪಟ್ಟಣದ್ದರಲ್ಲಿ ಕಿಟಕಿಯ ಚಿಲಕ.
ಹೊಳೆನರಸೀಪುರದ ವಧುವಿನ ಕೋಣೆಯಲ್ಲಿ
ಗೋಡೆಯೂ ಮುಗಿದು, ಬಚ್ಚಲ ಬಾಗಿಲೊಳಗೆ ನಿಂತು
ಹುಡುಗಿಗೆ ಮೊಗ್ಗಿನ ಜಡೆ ಹಾಕುವುದನ್ನು ತೆಗೆದಿದ್ದೇನೆ,
ಕಾಲಡಿ ನೀರು.
ಮನೆಗೆ ಬಂದರೆ ಕುರ್ತಾದ ಬೆನ್ನ ತುಂಬ ಸುಣ್ಣ.
"ಇವತ್ತು ಪಟ್ಟಣದ ಛತ್ರವಾ?" ಅಂತ
ಗಂಡ ಬಣ್ಣ ನೋಡಿಯೇ ಕೇಳುತ್ತಿದ್ದ.

ಹೊಸದು ಬಂತು. ಫುಲ್ ಫ್ರೇಮು. ಇಪ್ಪತ್ತನಾಲ್ಕು ಕಂತು.
ಹಳೆಯದರ ಜೊತೆ ಬಂದಿದ್ದ ಲೆನ್ಸನ್ನು ಸುಮ್ಮನೆ ಹಾಕಿ ನೋಡಿದೆ:
ನಾಲ್ಕು ಮೂಲೆಯೂ ಕಪ್ಪು, ನಡುವೆ ದುಂಡಗೆ ಬೆಳಕು,
ಬಾವಿಯೊಳಗಿಂದ ಕತ್ತೆತ್ತಿದ ಹಾಗೆ.
ಇದರೊಳಗೇ ಇದ್ದೆನಲ್ಲ ಇಷ್ಟು ದಿನ ಅಂತ ಮೊದಲು ನಗು.
ಆಮೇಲೆ ನಗು ಬರಲಿಲ್ಲ.

ಮೊದಲ ಕೆಲಸ ದುದ್ದದಲ್ಲಿ, ನಾಮಕರಣ.
ಐವತ್ತು ಐವತ್ತೇ ಆಗಿತ್ತು.
ಅಭ್ಯಾಸಕ್ಕೆ ಮೂರು ಹೆಜ್ಜೆ ಹಿಂದೆ ಹೋದೆ,
ಬೆನ್ನು ಗೋಡೆಗೆ ಕಾಯಿತು,
ತೊಟ್ಟಿಲು ಬೆಂಕಿಪೊಟ್ಟಣದಷ್ಟಾಯಿತು.
"ಅಕ್ಕಾ, ಮುಂದೆ ಹೋಗಿ" ಅಂದ ಲೈಟು ಹಿಡಿದ ಫಯಾಜ್,
ಐದು ವರ್ಷದಲ್ಲಿ ಅವನ ಬಾಯಲ್ಲಿ ಮೊದಲ ಸಲ ಆ ಮಾತು.
ಹೋದೆ.
ಅಜ್ಜಿಯ ಬಾಯಿಂದ ಹೊಗೆಸೊಪ್ಪಿನ ವಾಸನೆ ಬರುವಷ್ಟು.
ಕ್ಯಾಮೆರಾ ಹಿಡಿದು ಯಾರಿಗೂ ಅಷ್ಟು ಹತ್ತಿರ ನಿಂತವಳಲ್ಲ;
ಕರೆಯದ ಮನೆಯಲ್ಲಿ ಊಟಕ್ಕೆ ಕೂತ ಹಾಗೆ ನಾಚಿಕೆ.

ರಾತ್ರಿ ಕಂಪ್ಯೂಟರಿನಲ್ಲಿ ಅಂಚುಗಳು ತೆರೆದವು.
ತೊಟ್ಟಿಲ ಸುತ್ತ ಹೆಂಗಸರು, ಅದು ಸರಿ.
ಎಡಕ್ಕೆ ಕೆಂಪು ಸಿಲಿಂಡರು, ಅದರ ಮೇಲೊಂದು ಒದ್ದೆ ಟವೆಲು,
ಪಕ್ಕದಲ್ಲಿ ಫಯಾಜನ ಮೊಣಕೈ, ಅದರ ಮೇಲೆ ಹಳೆಯ ಸುಟ್ಟ ಗುರುತು.
ಯಾವಾಗ ಸುಟ್ಟಿತೋ, ಕೇಳಿಯೇ ಇರಲಿಲ್ಲ.
ಬಲಕ್ಕೆ, ಇಡೀ ದಿನ ನನ್ನ ಕಣ್ಣಿಗೆ ಬೀಳದ ಒಬ್ಬಳು
ಕಂಬಕ್ಕೆ ಒರಗಿ ಕಾಫಿ ಲೋಟದೊಳಗೆ ನಗುತ್ತಿದ್ದಾಳೆ.

"ಫ್ರೇಮು ಚೊಕ್ಕ ಇಡ್ತೀರ ಮೇಡಂ" ಅಂತ
ಎಲ್ಲರೂ ಹೊಗಳುತ್ತಿದ್ದರು, ನಾನೂ ನಂಬಿದ್ದೆ,
ಬೇಕಾದ್ದು ಬೇಡದ್ದು ಆರಿಸಿದ್ದು ನನ್ನ ಕಣ್ಣು ಅಂತ.
ಕತ್ತರಿ ಡಬ್ಬಿಯೊಳಗಿತ್ತು.

ಮಗುವಿನ ಅಪ್ಪ ಯೋಗಾನಂದ ಫೋನು ಮಾಡಿದ:
"ಎಲ್ಲಾ ಚೆನ್ನಾಗವೆ, ಆ ಸಿಲಿಂಡ್ರು ಒಂದು ತೆಗ್ದಾಕ್ಬುಡಿ."
ತೆಗೆದೆ.
ಕಂತು ಕಟ್ಟಿ ತಂದ ಅಗಲವನ್ನು ಎಡದಿಂದ ಕತ್ತರಿಸಿದೆ.
ಮೊಣಕೈಯೂ ಜೊತೆಗೆ ಹೋಯಿತು.
ಬಲಗಡೆ ಮುಟ್ಟಲಿಲ್ಲ.

ಕೊನೆಯದು ಅಂಗಳದ ಮೇಲಿನ ಆಕಾಶ, ಸುಮ್ಮನೆ ತೆಗೆದದ್ದು.
ಕೈ ತಾನಾಗಿ ಬಲ ಮೇಲ್ಮೂಲೆಗೆ ಹೋಗಿ
ಎಳ್ಳುಕಾಳನ್ನು ಒತ್ತಿ ಅಳಿಸಿತು.
ಅಳಿಸಿದ ಮೇಲೆ ನೆನಪು: ಇದರಲ್ಲಿ ಕಲೆ ಇಲ್ಲವಲ್ಲ.
ಒಂದು ಹೆಜ್ಜೆ ಹಿಂದಕ್ಕೆ ಒತ್ತಿದೆ.
ದೊಡ್ಡದು ಮಾಡಿದೆ.
ರೆಕ್ಕೆ ಬಿಚ್ಚಿದ ಹದ್ದು,
ಬಾಲದಲ್ಲಿ ಒಂದು ಗರಿ ಕಡಿಮೆ.